ಎಲೆಕೋಸಿಗೆ ಮುಖ ಮಾಡಿದ ಸ್ಟ್ಯಾಂಡ್

ಮಾನ್ಯ ಮೈದಾನ ಪರಿಶೀಲನಾಧಿಕಾರಿಗಳೇ,

ನಮ್ಮ ಥ್ರಪ್ಲಿ ರೋವರ್ಸ್ ಫುಟ್‌ಬಾಲ್ ಕ್ಲಬ್ಬಿನ ಬಗ್ಗೆ ತಾವು ಬರೆದ ವರದಿ ತಲುಪಿದೆ. ಅದರ ನಾಲ್ಕನೆಯ ಪುಟದಲ್ಲಿ 'ಆಟ ಕಾಣುವ, ಸೂರಿರುವ ಆಸನಗಳು' ಎಂಬುದರ ಎದುರು ಸೊನ್ನೆ ಎಂದು ನಮೂದಿಸಿದ್ದೀರಿ. ಪ್ರೇಕ್ಷಕರು ಕೂರುವ ನಮ್ಮ ಸ್ಟ್ಯಾಂಡಿನಲ್ಲಿ ನೂರಹನ್ನೆರಡು ಜನ ಹಿಡಿಯುತ್ತಾರೆ. ನಿಯಮಕ್ಕೆ ಬೇಕಿರುವುದು ನೂರು. ಮಾರ್ಚ್ ಮೂವತ್ತೊಂದರೊಳಗೆ ಸ್ಟ್ಯಾಂಡನ್ನು ಮೈದಾನದ ಕಡೆಗೆ ತಿರುಗಿಸದಿದ್ದರೆ ಕ್ಲಬ್ಬನ್ನು ಕೆಳಗಿನ ವಿಭಾಗಕ್ಕೆ ತಳ್ಳಲಾಗುವುದು ಎಂದೂ ಬರೆದಿದ್ದೀರಿ. ನಮ್ಮ ಆಟಗಾರರು ನಲವತ್ತು ವರ್ಷ ಶ್ರದ್ಧೆಯಿಂದ ಪ್ರಯತ್ನಿಸಿಯೂ ಸಾಧಿಸಲಾಗದ್ದನ್ನು ತಾವು ಒಂದೇ ಸೊನ್ನೆಯಿಂದ ಸಾಧಿಸಲು ಹೊರಟಿದ್ದೀರಿ. ಅಭಿನಂದನೆಗಳು.

ಸ್ಟ್ಯಾಂಡು ತಿರುಗಾಮುರುಗಾ ಇರುವುದು ನಿಜ. ಅದನ್ನು ಕಂಡುಹಿಡಿಯಲು ಟೇಪು ಹಿಡಿದ ಅಧಿಕಾರಿಯೇ ಬರಬೇಕಿರಲಿಲ್ಲ. ಅದರ ಮುಖ ಪಕ್ಕದ ತರಕಾರಿ ಮಡಿಗಳ ಕಡೆಗಿದೆ, ಬೆನ್ನು ಮೈದಾನದ ಕಡೆಗಿದೆ. 1897ರಲ್ಲಿ ಅಂಗಿಗುಂಡಿ ಕಾರ್ಖಾನೆಯ ಕೆಲಸಗಾರರು ಕಟ್ಟಿದ ಕ್ಲಬ್ಬು ನಮ್ಮದು. ಇಪ್ಪತ್ತೊಂಬತ್ತು ವರ್ಷ ಜನ ಮಳೆಯಲ್ಲಿ ಛತ್ರಿ ಹಿಡಿದು ನಿಂತು, ಮುಂದಿನವರ ಛತ್ರಿಯನ್ನಷ್ಟೇ ನೋಡಿ ಮನೆಗೆ ಹೋಗುತ್ತಿದ್ದರು. 1926ರಲ್ಲಿ ಕೊನೆಗೂ ಒಂದು ಸ್ಟ್ಯಾಂಡ್ ಕಟ್ಟುವ ತೀರ್ಮಾನವಾಯಿತು. ನಕ್ಷೆಯನ್ನು ಪಬ್ಬಿನ ಮೇಜಿನ ಮೇಲೆ ಹರಡಿದರು. ಅಧ್ಯಕ್ಷರು ಮೇಜಿನ ಈಚೆ ಕೂತಿದ್ದರು. ಬಡಗಿ ಒಬಾಡಯ ಟ್ರ್ಯಾಂಟರ್ ಬಿಯರ್ ಲೋಟ ಹಿಡಿದು ಆಚೆ ನಿಂತಿದ್ದ. ನಕ್ಷೆ ತನಗೆ ಆಚೆ ಕಡೆಯಿಂದ ಕಂಡಂತೆಯೇ, ಒಂದಂಗುಲ ತಪ್ಪದೆ ಕಟ್ಟಿದ. ಬೇಸಿಗೆಯಲ್ಲಿ ಫುಟ್‌ಬಾಲ್ ಇರುವುದಿಲ್ಲವಾಗಿ ಯಾರಿಗೂ ಅನುಮಾನ ಬರಲಿಲ್ಲ. ಎಲ್ಲರೂ ಮರಗೆಲಸವನ್ನು ಹೊಗಳಿದರು. ಉದ್ಘಾಟನೆಯ ದಿನ ಗಣ್ಯರು ರಿಬ್ಬನ್ ಕತ್ತರಿಸಿ, ಕೂತು, ಎಲೆಕೋಸನ್ನು ನೋಡಿದರು. ಹಿಂದೆ ಎಲ್ಲೋ ಸೀಟಿ ಊದಿದ ಸದ್ದು ಕೇಳಿಸಿತು.

ಟ್ರ್ಯಾಂಟರ್ ಸೋಮವಾರ ಗರಗಸ ತಂದು ಹಿಂಗೋಡೆಯಲ್ಲಿ ಈ ತುದಿಯಿಂದ ಆ ತುದಿಗೆ ಕಿಂಡಿ ಕೊರೆದ. ಅಂದಿನಿಂದ ನಾವು ಬೆಂಚಿನ ಮೇಲೆ ಹಿಂದುಮುಂದಾಗಿ, ಕುದುರೆಯ ಮೇಲೆ ಕೂತಂತೆ ಕೂತು, ಒರಗುಪಟ್ಟಿಯ ಮೇಲೆ ಮೊಣಕೈಯೂರಿ ಆಟ ನೋಡುತ್ತೇವೆ. ಮೊಣಕೈಗೆ ಇಷ್ಟು ಸುಖ ಕೊಡುವ ಸ್ಟ್ಯಾಂಡು ತಮ್ಮ ಲೀಗಿನಲ್ಲಿ ಇನ್ನೊಂದಿದ್ದರೆ ತೋರಿಸಿ.

ತಿರುಗಿಸಬಾರದೇ ಎಂದು ತಾವು ಕೇಳಬಹುದು. ನಾವೂ ಕೇಳಿ ನೋಡಿದೆವು. ಊರಿನ ಗುತ್ತಿಗೆದಾರ ಬಂದು, ಕಂಬವನ್ನು ಬೆರಳಿನಿಂದ ಎರಡು ಸಲ ತಟ್ಟಿ, ಮೂರು ಹೆಜ್ಜೆ ಹಿಂದೆ ಸರಿದ. "ಇದನ್ನ ನಿಲ್ಸಿರೋದು ಮೊಳೆ ಅಲ್ಲ ಕಣ್ರೀ, ಅಭ್ಯಾಸ. ಒಂದು ಬೆಂಚು ಅಲ್ಲಾಡ್ಸಿದ್ರೂ ಸೂರು ತಲೆ ಮೇಲೆ" ಎಂದ. ಹೊಸದನ್ನು ಕಟ್ಟುವ ಶಕ್ತಿ ನಮಗಿಲ್ಲ. ಕೆಳಗಿಳಿದರೆ ಇರುವ ಹನ್ನೊಂದು ಆಟಗಾರರಲ್ಲಿ ಏಳು ಜನ ಪಕ್ಕದೂರಿನ ಆಲ್ಡರ್‌ಬಿ ತಂಡಕ್ಕೆ ಹೋಗುತ್ತಾರೆ. ನಾಲ್ಕು ಜನರ ತಂಡಕ್ಕೆ ಸ್ಟ್ಯಾಂಡು ಯಾವ ಕಡೆ ತಿರುಗಿದ್ದರೇನು?

ಇನ್ನು ತಾವು ವರದಿಯಲ್ಲಿ ಬರೆಯದೆ ಬಿಟ್ಟ ಸಂಗತಿಗೆ ಬರುತ್ತೇನೆ. ಅಕ್ಟೋಬರಿನ ಆ ಶನಿವಾರ ಆಲ್ಡರ್‌ಬಿ ವಿರುದ್ಧ ಪಂದ್ಯ. ತಾವು ನನ್ನ ಎಡಗಡೆ ಕೂತಿದ್ದಿರಿ. ಐವತ್ತು ವರ್ಷದಿಂದ ನಮಗೆ ಚಹಾ ಕೊಡುತ್ತಿರುವ ಮೇವಿಸ್ ಥರ್ಲ್‌ಬಿ ತಮಗೂ ಒಂದು ಲೋಟ ಕೊಟ್ಟಳು. ಎಂಬತ್ತೇಳನೆಯ ನಿಮಿಷ ಆಲ್ಡರ್‌ಬಿಗೆ ಪೆನಾಲ್ಟಿ ಸಿಕ್ಕಿತು. ಮೇವಿಸ್ ಗಂಟೆ ಬಾರಿಸಿದಳು. ನೂರು ಚಿಲ್ಲರೆ ಜನ ಒಟ್ಟಿಗೆ ಕಾಲೆತ್ತಿ, ತಿರುಗಿ, ಮೈದಾನಕ್ಕೆ ಬೆನ್ನು ಹಾಕಿದೆವು.

"ಏನಾಯ್ತು? ಬೆಂಕಿನಾ?" ಎಂದಿರಿ ತಾವು.

"ಪೆನಾಲ್ಟಿ ಸಾಹೇಬ್ರೇ! ತಿರುಗ್ರೀ ಈ ಕಡೆ!" ಎಂದಳು ಮೇವಿಸ್.

"ನಾನು ನೋಡ್ಬೇಕಮ್ಮ, ಅದಕ್ಕೇ ಬಂದಿರೋದು."

"ನೀವು ನೋಡಿ ಅವ್ನು ಗೋಲ್ ಹೊಡೆದ್ರೆ, ಇನ್ಮುಂದೆ ನಿಮ್ಮ ಚಹಾ ನೀವೇ ಮಾಡ್ಕೊಳ್ಳಿ."

ತಾವು ತಿರುಗಿದಿರಿ.

ನಮ್ಮ ಎದುರು, ಮಡಿಗಳ ನಡುವೆ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಪರ್ಸಿ ಗೆಜ್ ನಿಂತಿದ್ದ. ಅವನಿಗೆ ಎಂಬತ್ತಮೂರು, ಎಲೆಕೋಸು ಅವನದೇ. ಎದುರಾಳಿಯ ಪೆನಾಲ್ಟಿಯನ್ನು ನೋಡುವುದು ಅಪಶಕುನವೆಂದು ನಾವು ತಿರುಗಿದ ಹೊತ್ತಿನಲ್ಲಿ ನಮ್ಮ ತಲೆಗಳ ಮೇಲಿಂದ, ಕಿಂಡಿಯ ಮೂಲಕ, ಆಟ ನೋಡುವವನು ಅವನೊಬ್ಬನೇ. ಮೊದಲು ಅವನ ಅಜ್ಜ, ಆಮೇಲೆ ಅಪ್ಪ, ಈಗ ಅವನು. ಗೋಲಾದರೆ ಟೋಪಿ ತೆಗೆಯುತ್ತಾನೆ. ತಪ್ಪಿದರೆ ಸಲಿಕೆ ಎತ್ತುತ್ತಾನೆ. ಪೆನಾಲ್ಟಿ ಹೊಡೆಯಲು ಬಂದವನಿಗೆ ಕಿಂಡಿಯಲ್ಲಿ ನೂರು ಬೆನ್ನು ಕಾಣುತ್ತವೆ. ಇವರೆಲ್ಲ ಏನನ್ನು ನೋಡುತ್ತಿದ್ದಾರೆ ಎಂಬ ಯೋಚನೆ ಒಮ್ಮೆ ತಲೆಗೆ ಹೊಕ್ಕರೆ ಚೆಂಡು ನೆಟ್ಟಗೆ ಹೋಗುವುದು ಕಷ್ಟ.

ಗೆಜ್‌ನ ಕೈ ಮೆಲ್ಲಗೆ ಟೋಪಿಯತ್ತ ಹೋಯಿತು. ತಾವು ನನ್ನ ತೋಳು ಹಿಡಿದಿರಿ. ಅವನು ತಲೆ ಕೆರೆದುಕೊಂಡ. ಆಮೇಲೆ ಸಲಿಕೆ ಎತ್ತಿದ.

ಮಾನ್ಯರೇ, ಆಗ ಎಲ್ಲರಿಗಿಂತ ಮೊದಲು ಎದ್ದು ಕೂಗಿದವರು ತಾವು. ತಮ್ಮ ಚಹಾ ಪೂರ್ತಿ ತಮ್ಮದೇ ವರದಿಯ ಕಾಗದದ ಮೇಲೆ ಚೆಲ್ಲಿತು. ನನ್ನ ಬಳಿ ಸಾಕ್ಷಿಯಿದೆ: ವರದಿಯ ನಾಲ್ಕನೆಯ ಪುಟದಲ್ಲಿ, ಆ ಸೊನ್ನೆಯ ಸುತ್ತ, ಮೇವಿಸಳ ಲೋಟದ ಕಂದು ಕಲೆ ಬಳೆಯಂತೆ ಹಾಗೇ ಇದೆ. ಎರಡು ಸೊನ್ನೆ, ಒಂದರೊಳಗೊಂದು. ಒಂದನ್ನು ತಾವು ಯೋಚಿಸಿ ಬರೆದಿರಿ. ಇನ್ನೊಂದನ್ನು ಯೋಚಿಸದೆ ಬರೆದಿರಿ. ಯಾವುದು ನಿಜವಾದ ವರದಿ?

ತಮ್ಮ ವರದಿಯ ವಿಷಯ ಗೆಜ್‌ಗೆ ತಿಳಿಸಲು ನಾನೇ ಹೋಗಿದ್ದೆ. ಅವನು ಕಳೆ ಕೀಳುತ್ತಿದ್ದ. "ತಿರುಗಿಸ್ಲಿ ಬಿಡಪ್ಪ, ನಿಮಗೆ ಆಟ ಚೆನ್ನಾಗಿ ಕಾಣುತ್ತೆ" ಎಂದ. ಆಮೇಲೆ, "ಮತ್ತೆ ನಾನು ಸಲಿಕೆ ಯಾರಿಗೆ ಎತ್ಲಿ?" ಎಂದ.

ಇದಕ್ಕೆ ಉತ್ತರ ತಮ್ಮಲ್ಲಿದ್ದರೆ ಮಾರ್ಚ್ ಮೂವತ್ತೊಂದರೊಳಗೆ ಅವನಿಗೇ ಬರೆದು ತಿಳಿಸತಕ್ಕದ್ದು. ಇಲ್ಲದಿದ್ದರೆ ಸೊನ್ನೆಯನ್ನು ಹೊಡೆದುಹಾಕಿ ನೂರಹದಿಮೂರು ಎಂದು ಬರೆಯತಕ್ಕದ್ದು. ನೂರಹನ್ನೆರಡು ನಮ್ಮವು, ಇನ್ನೊಂದು, ಬೋರಲು ಹಾಕಿದ ಬಕೆಟ್ಟು. ಅದಕ್ಕೆ ಸೂರಿಲ್ಲ, ಒಪ್ಪುತ್ತೇನೆ. ಆದರೆ ಅಲ್ಲಿಂದ ಆಟ ಚೆನ್ನಾಗಿ ಕಾಣುತ್ತದೆ.

ಇಂತಿ,
ಅಂದು ತಾವು ಹಿಡಿದ, ಇನ್ನೂ ಸ್ವಲ್ಪ ನೋಯುತ್ತಿರುವ ತೋಳಿನ ಮಾಲೀಕ,
ಎಡ್ವಿನ್ ಪಿಂಚ್‌ಬೆಕ್
ಎರಡನೆಯ ಬೆಂಚು, ಮೈದಾನಕ್ಕೆ ಬೆನ್ನು
ಥ್ರಪ್ಲಿ