ಒಂದು ಚಮಚ ಮೋರಿ ನೀರು

ಮಾರ್ಚ್ ೧೪, ಗುರುವಾರ

ಮೂರು ಸಲ ಸೋಪು ಹಾಕಿ ತೊಳೆದರೂ ಕೈಯ ವಾಸನೆ ಹೋಗಿಲ್ಲ. ಊಟ ಸೇರಲಿಲ್ಲ.

ನಮ್ಮ ಬಣ್ಣದ ಕಾರ್ಖಾನೆಯಿಂದ ಕಾಲುವೆಗೆ ಬೀಳುವ ನೀರನ್ನು ತಿಂಗಳಿಗೊಮ್ಮೆ ಬಾಟಲಿಗೆ ತುಂಬಿ ಪರೀಕ್ಷೆಗೆ ಕಳಿಸುವುದು ನನ್ನ ಕೆಲಸ. ತುಂಬುವುದು ಮೋರಿಯಿಂದಲ್ಲ, ಕ್ಯಾಂಟೀನಿನ ಫಿಲ್ಟರಿನಿಂದ. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಈ ಸಲ ವರದಿಯಲ್ಲಿ "ಕುಡಿಯಲು ಯೋಗ್ಯ" ಅಂತಲೇ ಬಂದುಬಿಟ್ಟಿದೆ.

ಮ್ಯಾನೇಜರ್ ಉಗಿದರು. "ಇಷ್ಟು ಚೊಕ್ಕ ಬಂದ್ರೆ ಯಾರಯ್ಯಾ ನಂಬ್ತಾರೆ? ಒಂದು ಚಮಚ ಮೋರಿ ನೀರು ಬೆರೆಸಿ ಇನ್ನೊಂದು ಬಾಟಲಿ ಕಳಿಸು."

ಬೆರೆಸಿದೆ. ಒಂದು ಚಮಚಕ್ಕೆ ಎರಡು ಜೊತೆ ಕೈಗವಸು, ಮೂಗಿಗೆ ಬಟ್ಟೆ. ಆದರೂ ವಾಸನೆ ಕೈಗೆ ಹತ್ತಿತು. ಥೂ, ಇದೂ ಒಂದು ಬಾಳು.

ಬರುವಾಗ ಅಕ್ಕನ ಮನೆಗೆ ಹೋಗಿದ್ದೆ. ಕಾಲುವೆ ದಂಡೆಯಲ್ಲಿ ಬರಿಗೈಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಮೊಣಕೈವರೆಗೂ ಕೆಂಪು ಗುಳ್ಳೆ.

"ಈಚೆಗೆ ತುಂಬಾ ತುರಿಸುತ್ತೆ ಕಣೋ. ನೀನು ಅಲ್ಲೇ ಇದ್ದೀಯಲ್ಲ, ನೀರು ಸರಿಯಿದೆ ತಾನೆ?"

ಹೂಂ ಅಂದೆ.

ಆಗಷ್ಟೇ ತೊಳೆದ ಲೋಟದಲ್ಲಿ ಟೀ ತಂದುಕೊಟ್ಟಳು. ಈಗ ತಾನೇ ಕುಡಿದು ಬಂದೆ ಅಂತ ಸುಳ್ಳು ಹೇಳಿದೆ. ಸುಮ್ಮನೆ ಹಾಳಾಗುತ್ತಲ್ಲ ಅಂತ ಅವಳೇ ಕುಡಿದಳು. ಕೊನೆ ಗುಟುಕಿನವರೆಗೂ ನಾನು ನೋಡುತ್ತಾ ಕೂತಿದ್ದೆ.