ಕೂಸಿನ ಹೆಸರಿನ ಬಳೆ

ಗಜೇಂದ್ರಗಡ
೨೪ ಸೆಪ್ಟೆಂಬರ್ ೨೦೦೫

ಮುದ್ದಿನ ಅಫ್ರೀನಳಿಗೆ ಅಮ್ಮಿಯ ದುವಾ.

ಈ ಊರಿಗೆ ಬಂದದ್ದರ ಖರ್ಚನ್ನು ಮೊದಲೇ ಹೇಳಿಬಿಡುತ್ತೇನೆ, ನೀನು ಹೇಗೂ ಕೇಳುವವಳು. ಕೊಲ್ಹಾಪುರದ ನಮ್ಮ ಬಳೆ ಅಂಗಡಿಯ ಗಣಪತಿ ಹಬ್ಬದ ವ್ಯಾಪಾರ ನಿನ್ನೊಬ್ಬಳ ತಲೆಗೆ ಬಿತ್ತು. ಇಲ್ಲಿ ನನ್ನ ಮೊಣಕಾಲು, ಒಂದು ಜೊತೆ ಚಪ್ಪಲಿ, ಅಂಗಡಿ ನಡೆಸಿದವಳೆಂಬ ಜಂಬ ಮೂರೂ ಸವೆದವು.

ನನ್ನ ಅಕ್ಕ, ನಿನ್ನ ಸಾಬೀರಾ ಖಾಲಾ, ಕಾಲು ಮುರಿದುಕೊಂಡಾಗ ಅವಳಿಗೆ ಕಾಲಿಗಿಂತ ಪಕ್ಕದ ಹಳ್ಳಿ ಲಕ್ಕಲಕಟ್ಟಿಯ ಚಿಂತೆ ಹೆಚ್ಚಿತ್ತು. ಅಲ್ಲಿ ಮನೆಮನೆಗೆ ಹೋಗಿ ಬಳೆ ತೊಡಿಸುವುದು ನಿನ್ನ ನಾನಿಯ ಕಾಲದಿಂದ ಬಂದ ದುಡಿಮೆ. ಒಂದು ಹಬ್ಬ ತಪ್ಪಿದರೆ ಆ ಕೈಗಳೆಲ್ಲ ಬೇರೆ ಬಳೆಗಾರನ ಪಾಲು. ಅಕ್ಕನಿಗೆ ಬೇರೆ ಅನ್ನವಿಲ್ಲ. ಅದಕ್ಕೇ ನಾನು ಬಂದು ಬುಟ್ಟಿ ಹೊತ್ತೆ.

ಪಂಚಮಿಗೆ ಮುಂಚೆ ಆ ಊರಿನ ಗುಡ್ಡವ್ವನ ಬಸುರಿ ಸೊಸೆಯ ಕುಬಸಕ್ಕೆ ಕರೆದರು. ಎರಡೂ ಕೈಗೆ ಡಜನ್ ಹಸಿರು ಬಳೆ ತೊಡಿಸಿ ಬುಟ್ಟಿ ಮುಚ್ಚಿದೆ. ಗುಡ್ಡವ್ವ ಸೊಂಟದ ಮೇಲೆ ಕೈಯಿಟ್ಟಳು. “ಏ ಕಮರೂ, ಕೂಸಿನ ಬಳಿ ಎಲ್ಲೈತಿ? ನಿಮ್ಮ ಕೊಲ್ಹಾಪುರದಾಗ ಮಂದಿ ಹಡಿಯೂದಿಲ್ಲೇನು?”

ಬಸುರಿಗೆ ಹೊಟ್ಟೆಯ ಕೂಸಿನ ಹೆಸರಲ್ಲಿ ಒಂದು ಬಳೆ ಹೆಚ್ಚಿಗೆ ತೊಡಿಸುವುದು ಆ ಮನೆಗಳ ರೂಢಿ. ಡಬ್ಬಿಯ ಲೆಕ್ಕದಲ್ಲಿ ಮಾರಿ ಮಾರಿ ಮರೆತೇಬಿಟ್ಟಿದ್ದೆ. ತಡಬಡಿಸಿ ಒಂದು ತೆಗೆದರೆ, “ಕೇಳಿ ಇಸಗೊಂಡ್ರ ಅದು ಭಿಕ್ಷಾ ಆತು. ಇನ್ನ ಮ್ಯಾಲೆ ನರೇಗಲ್ಲದ ಬಳಿಗಾರನ್ನ ಕರಸ್ತೇನಿ, ನಡಿ” ಎಂದಳು. ಗುಡ್ಡವ್ವನ ಮನೆ ಹೋದರೆ ಓಣಿಯೇ ಹೋದಂತೆ.

ಅಕ್ಕ ಬೈಯಲಿಲ್ಲ. ಪ್ಲಾಸ್ಟರಿನ ಕಾಲನ್ನು ಟಂಟಂ ಗಾಡಿಯಲ್ಲಿ ಚಾಚಿಕೊಂಡು, ನನ್ನನ್ನೂ ಕೂರಿಸಿಕೊಂಡು ಲಕ್ಕಲಕಟ್ಟಿಗೆ ಹೊರಟೇಬಿಟ್ಟಳು. ಗುಡ್ಡವ್ವನ ಕಟ್ಟೆಯ ಮೇಲೆ ಕೂತು, “ಆಕಿ ಊರು ಬಿಟ್ಟಾಕಿ, ಮರತಾಳ. ನೀ ಊರಾಗ ಇದ್ದಾಕಿ, ನೆನಪು ಮಾಡಬಾರದೇನವ್ವಾ? ಬೈಯೂದಾದ್ರ ನನಗ ಬೈ. ಕಾಲು ಮುರದೈತಿ, ಎದ್ದು ಓಡಂಗಿಲ್ಲ” ಎಂದಳು. ಗುಡ್ಡವ್ವನಿಗೆ ನಗು ತಡೆಯಲಾಗಲಿಲ್ಲ. ಸೊಸೆ ಕೈ ಚಾಚಿದಳು, ಅಕ್ಕನ ಕಡೆಗಲ್ಲ, ನನ್ನ ಕಡೆಗೆ. ಎಷ್ಟು ಸಾವಿರ ಕೈಗೆ ಬಳೆ ಏರಿಸಿದವಳು ನಾನು. ಅಂದು ಕೂಸಿನ ಆ ಒಂದು ಬಳೆಯನ್ನು ಯಾರೂ ಕೇಳುವ ಮೊದಲೇ ತೆಗೆದು ಏರಿಸಿದೆ.

ಅಕ್ಕನ ಕಾಲು ಇನ್ನೂ ಕೂಡಿಲ್ಲ. ಕೂಡಿದೊಡನೆ ಬರುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಮ್ಮಿ,
ಕಮರುನ್ನಿಸಾ

ತಾ.ಕ.: ಕಾಲಿನ ಮಾತು ಸುಳ್ಳು. ಪ್ಲಾಸ್ಟರ್ ತೆಗೆದು ತಿಂಗಳಾಯಿತು. ಈಗ ಇಬ್ಬರೂ ಬುಟ್ಟಿ ಹಿಡಿದು ಹೋಗುತ್ತೇವೆ. ಕೊಲ್ಹಾಪುರಕ್ಕೆ ಹೋಗೆಂದು ಅವಳು ಹೇಳುವುದಿಲ್ಲ, ಹೋಗುತ್ತೇನೆಂದು ನಾನೂ ಹೇಳುವುದಿಲ್ಲ. ಯಾರಿಗೇನು ಸಿಕ್ಕಿತು ಬರೆದುಕೋ: ಗುಡ್ಡವ್ವನ ಸೊಸೆಗೆ ಗಂಡುಮಗು. ಅಕ್ಕನಿಗೆ ಲಕ್ಕಲಕಟ್ಟಿಯ ಮನೆಗಳು. ನಿನಗೆ ಅಂಗಡಿ, ಪೂರ್ತಿಯಾಗಿ. ನನಗೆ, ಹೆಸರು ಹಿಡಿದು ಬೈಯುವ ಒಂದು ಊರು.