ಆಟೀನುಗಳ ನಡುವೆ ಡೈಮನ್ ಏಳು

ಮೊಂತೆವಿದೇಯೊ
೨೧ ಜುಲೈ ೧೯೮೮, ಗುರುವಾರ

ಎವಾರಿಸ್ತೊ,

ಹೆಸರಿನ ಮುಂದೆ ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಕಾಗದವನ್ನು ಬೆಳಕಿಗೆ ಹಿಡಿದರೆ ಕಾಣುತ್ತದೆ. ಹಿಡಿಯಬೇಡ.

ನೀನು ಕ್ಷೇಮವಾಗಿದ್ದೀಯ ಎಂದು ಅಮಾದೇಯೊ ಫೋನಿನಲ್ಲಿ ಹೇಳಿದ. ನಿನ್ನ ತಮ್ಮನಿಗೆ ಸುಳ್ಳು ಹೇಳಲು ಬರುವುದಿಲ್ಲ, ಆದ್ದರಿಂದ ನಂಬಿದ್ದೇನೆ. ಇಲ್ಲಿ ನಾನೂ ಕ್ಷೇಮ. ಇಷ್ಟು ದಿನ ಬರೆಯದೆ ಇದ್ದುದಕ್ಕೆ ಕ್ಷಮಿಸು ಎಂದು ಶುರು ಮಾಡುವುದು ಮರ್ಯಾದೆಯಂತೆ, ನನಗೆ ಈಗ ಅಷ್ಟು ಮರ್ಯಾದೆ ಉಳಿದಿಲ್ಲ. ಎರಡು ಸಲ ಬರೆದೆ, ಎರಡನ್ನೂ ಹರಿದೆ. ಒಂದರಲ್ಲಿ ಬೈಗುಳ ಹೆಚ್ಚಾಗಿತ್ತು, ಇನ್ನೊಂದರಲ್ಲಿ ಸಾಲದಾಗಿತ್ತು. ಇದರಲ್ಲಿ ಸಾಲುಗಳು ಓರೆಯಾಗಿ ಕೆಳಗೆ ಜಾರಿದ್ದರೆ ಅಡುಗೆಮನೆಯ ಬಲ್ಬನ್ನು ಬೈದುಕೋ. ಬದಲಾಯಿಸುತ್ತೇನೆ ಎಂದು ನೀನು ಹೇಳಿ ಎಷ್ಟು ಕಾಲವಾಯಿತು.

ಮಳೆ ಬಿಟ್ಟಿಲ್ಲ. ಸಮುದ್ರದ ಕಡೆಯ ಕಿಟಕಿಯಿಂದ ನೀರು ಒಳಗೆ ಬರುತ್ತಿದೆ, ಹಳೆಯ ಟವೆಲು ತುರುಕಿದ್ದೇನೆ. ನಿನ್ನ ಕುರ್ಚಿಯನ್ನು ಬೆಕ್ಕು ಹಿಡಿದುಕೊಂಡಿದೆ, ನಾನು ಎಬ್ಬಿಸಲು ಹೋಗಿಲ್ಲ. ನಿನ್ನ ಬಿ.ಪಿ. ಮಾತ್ರೆಯನ್ನು ಇಲ್ಲೇ ಬಿಟ್ಟು ಹೋಗಿದ್ದೀಯ. ಬಸ್ ಹಿಡಿಯುವ ಆತುರದಲ್ಲಿ ಮಾಟೆ ಚಹಾ ಕುಡಿಯುವ ಸೋರೆಬುರುಡೆ ಮತ್ತು ಫ್ಲಾಸ್ಕು ನೆನಪಾದವು, ಮಾತ್ರೆ ನೆನಪಾಗಲಿಲ್ಲ ಅಲ್ಲವೇ. ಉಣ್ಣೆಯ ಬನಿಯನ್ನಿನಲ್ಲಿ ಸುತ್ತಿ ಪಾರ್ಸೆಲ್ ಮಾಡಿದ್ದೇನೆ. ನಿನ್ನ ತಮ್ಮನ ಊರು ಪಿರಿಯಾಪೊಲಿಸ್‌ನ ಕಡಲಗಾಳಿಗೆ ಎದೆ ತೆರೆದುಕೊಂಡು ಓಡಾಡಬೇಡ. ಸಾಯುವುದಾದರೆ ನನ್ನ ಮಾತು ಕೇಳಿಸಿಕೊಂಡ ಮೇಲೆ ಸಾಯಿ.

ಈಗ ಆ ಶನಿವಾರದ ವಿಷಯಕ್ಕೆ ಬರುತ್ತೇನೆ.

ನಲವತ್ತು ವರ್ಷದಿಂದ ನಾವಿಬ್ಬರೂ ಬ್ರಿಜ್ ಮೇಜಿನ ಎದುರುಬದುರು ಕೂತಿದ್ದೇವೆ. ಕ್ಲಬ್ಬಿನಲ್ಲಿ ಗಂಡಹೆಂಡತಿ ಜೋಡಿಯಾಗಿ ಆಡಲು ಹೋದವರೆಲ್ಲ ಒಂದೋ ಜೋಡಿ ಬದಲಾಯಿಸಿದರು, ಇಲ್ಲವೇ ಮನೆ ಬದಲಾಯಿಸಿದರು. ಉಳಿದುಕೊಂಡವರು ನಾವು. ಆದ್ದರಿಂದ ನಿನಗೆ ನಿಯಮ ಹೇಳಿಕೊಡುವ ಅಗತ್ಯವಿಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ಹೇಳದಿದ್ದರೆ ನನ್ನ ಹೊಟ್ಟೆಯುರಿ ತಣಿಯುವುದಿಲ್ಲ. ಕೂಗು ಮುಗಿದ ಮೇಲೆ ಗೆದ್ದ ಕೂಗಿನವಳು ಆಡುತ್ತಾಳೆ. ಅವಳ ಜೊತೆಗಾರ ತನ್ನ ಹದಿಮೂರು ಎಲೆಗಳನ್ನೂ ಮೇಜಿನ ಮೇಲೆ ಬಿಚ್ಚಿಟ್ಟು ಸತ್ತವನಾಗುತ್ತಾನೆ. ನಮ್ಮಲ್ಲಿ ಆ ಜಾಗಕ್ಕೆ ಹೆಸರೇ ಅದು, ಸತ್ತವನು. ಅವನ ಎಲೆಗಳನ್ನು ಎಲ್ಲರೂ ನೋಡಬಹುದು. ಅವಳು ಹೇಳಿದ್ದನ್ನು ಅವನು ಎತ್ತಿ ಹಾಕಬೇಕು, ಬಾಯಿ ಬಿಡುವಂತಿಲ್ಲ. ಸತ್ತವನಿಗೆ ಒಂದೇ ಒಂದು ಮಾತಿಗೆ ಅವಕಾಶ. ಅವಳು ಬಂದ ಬಣ್ಣ ಹಾಕದೆ ತುರುಫು, ಅಂದರೆ ಕೂಗಿ ಗೆದ್ದ ಬಣ್ಣ, ಹೊಡೆದರೆ, ‘ಆ ಬಣ್ಣ ಇಲ್ವಾ?’ ಎಂದು ಕೇಳಬಹುದು. ಕೈಯಲ್ಲಿ ಇದ್ದರೆ ಅವಳು ಎಲೆ ವಾಪಸ್ಸು ತೆಗೆದುಕೊಳ್ಳುತ್ತಾಳೆ, ಯಾರಿಗೂ ನಷ್ಟವಿಲ್ಲ.

ಮೊದಲೆಲ್ಲ ನೀನು ಮನಸ್ಸು ಬಂದಾಗ ಕೇಳುತ್ತಿದ್ದೆ, ಪೈಪು ಹಚ್ಚುವುದರಲ್ಲಿದ್ದರೆ ಮರೆಯುತ್ತಿದ್ದೆ. ಈ ಏಪ್ರಿಲ್‌ನಿಂದ ಒಂದು ಸಲವೂ ಬಿಡಲಿಲ್ಲ. ನಾನು ತುರುಫು ಮುಟ್ಟಿದರೆ ಸಾಕು, ಮೇಜಿನ ಮೇಲೆ ಬಗ್ಗಿ, ದನಿ ತಗ್ಗಿಸಿ, “ಆಟೀನಿಲ್ವಾ, ಮುದುಕಿ?” ಎನ್ನುತ್ತಿದ್ದೆ. ಮದುವೆಗೆ ಮುಂಚೆ ನನ್ನಪ್ಪನ ಮುಂದೆ ಮಾತಾಡುತ್ತಿದ್ದೆಯಲ್ಲ, ಅದೇ ದನಿ. ಕ್ಲಬ್ಬಿನಲ್ಲಿ ಹಲ್ಲಿನ ಡಾಕ್ಟರ ಜೋಡಿಯಾಗಿ ಆಡುವ ಸುಲ್ಮಾ ಅದನ್ನು ಗಮನಿಸಿದ್ದಳು. ಜೂನ್‌ನಲ್ಲಿ ಒಂದು ದಿನ ಕಾಫಿ ಕೌಂಟರಿನ ಹತ್ತಿರ ನಿಲ್ಲಿಸಿ ಕೆಣಕಿದಳು.

“ಏನೇ ಎರ್ಮಿನಿಯ, ನಿನ್ನ ಗಂಡ ಇತ್ತೀಚೆಗೆ ಬಹಳ ವಿಚಾರಿಸ್ಕೋತಾನೆ?”

“ಮುದುಕನಿಗೆ ಈಗ ಪ್ರೀತಿ ಉಕ್ತಾ ಇದೆ ಕಣೇ,” ಎಂದೆ. “ನಿನ್ನ ಹಲ್ಲಿನ ಡಾಕ್ಟರು ನಿನ್ನನ್ನ ಏನೂ ಕೇಳಲ್ಲ ಅಂತ ಹೊಟ್ಟೆಕಿಚ್ಚಾ?”

ಅಲ್ಲಿದ್ದ ಹೆಂಗಸರೆಲ್ಲ ನಕ್ಕರು. ಸುಲ್ಮಾ ನಗಲಿಲ್ಲ, ನನ್ನ ಮುಖವನ್ನೇ ನೋಡಿದಳು. ಸೋತು ಬಾಯಿ ಮುಚ್ಚಿದಳು ಎಂದುಕೊಂಡು ನಾನು ಇನ್ನೊಂದು ಅಲ್ಫಾಹೋರ್ ಬಿಸ್ಕತ್ತು ತಿಂದೆ.

ಆ ಶನಿವಾರದ ಫೈನಲಿಗೆ ಎದುರು ಬಂದವರೂ ಅವರೇ, ಸುಲ್ಮಾ ಮತ್ತು ಹಲ್ಲಿನ ಡಾಕ್ಟರು. ಕೊನೆಯ ಆಟ ಬಾಕಿ ಇತ್ತು, ನಾವು ಕೂದಲೆಳೆಯಷ್ಟು ಹಿಂದಿದ್ದೆವು. ನನ್ನ ಕೈಗೆ ಬಂದ ಎಲೆ ನೋಡು. ಇಸ್ಪೀಟಿನ ಎಕ್ಕ, ರಾಜ, ರಾಣಿ, ಜೊತೆಗೆ ಇನ್ನೂ ಮೂರು. ನಾನು ಒಂದು ಇಸ್ಪೀಟು ಎಂದೆ, ನೀನು ಮೂರಕ್ಕೆ ಹಾರಿದೆ. ನಾನು ಸೀದಾ ಆರು ಕೂಗಿದೆ. ಆರು ಅಂದರೆ ಹದಿಮೂರು ಸುತ್ತಿನಲ್ಲಿ ಹನ್ನೆರಡು ಗೆಲ್ಲಬೇಕು, ಒಂದೇ ಒಂದನ್ನು ಬಿಡಬಹುದು. ಸುಲ್ಮಾ ಡೈಮನ್ ಹಾಕಿ ಶುರು ಮಾಡಿದಳು. ನೀನು ಎಲೆ ಬಿಚ್ಚಿದೆ. ಏನು ಎಲೆ ಎವಾರಿಸ್ತೊ, ಅಂಥ ಕೈಯನ್ನು ನೀನು ನನ್ನ ಮುಂದೆ ಇಟ್ಟು ಎಷ್ಟು ವರ್ಷವಾಗಿತ್ತೋ. ಅದನ್ನು ನೋಡಿ ನಿನ್ನ ತಪ್ಪುಗಳನ್ನೆಲ್ಲ ಮಾಫಿ ಮಾಡಿಬಿಟ್ಟಿದ್ದೆ.

ನಿನ್ನ ಡೈಮನ್ ಎಕ್ಕದಿಂದ ಮೊದಲ ಸುತ್ತು ಬಂತು. ತುರುಫು ಎಳೆದು ಮುಗಿಸಿದೆ. ಆಗ ನೀನು ಎದ್ದೆ.

ಸತ್ತವನು ಏಳಬಾರದು ಅಂತೇನಿಲ್ಲ, ನೀರು ಕುಡಿಯಲು ಹೋಗುವವರಿದ್ದಾರೆ. ನೀನು ನೀರಿನ ಕಡೆ ಹೋಗಲಿಲ್ಲ. ನನ್ನ ಬೆನ್ನ ಹಿಂದೆ ಬಂದು ನಿಂತೆ. ನಿನ್ನ ತಂಬಾಕಿನ ವಾಸನೆ ನನ್ನ ಕಿವಿಯ ಹತ್ತಿರ ಬಂತು. ಹೊಸಬಳೊಬ್ಬಳು ಹೇಗೆ ಆಡುತ್ತಾಳೆ ಎಂದು ಮೇಷ್ಟ್ರು ಬಂದು ಬಗ್ಗಿ ನೋಡುತ್ತಾರಲ್ಲ, ಹಾಗೆ ನನ್ನ ಕೈಯೊಳಗೆ ಇಣುಕಿದೆ. ಸುಲ್ಮಾ ಸುಮ್ಮನಿರುತ್ತಾಳೆಯೇ? ಕೈ ಎತ್ತಿ ಬಾಲ್ದೊಮೇರೊನನ್ನು ಕರೆದಳು. ಅವನು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಆಟದ ತೀರ್ಪುಗಾರನ ಗಂಟುಮುಖ ಹಾಕಿಕೊಂಡು ಬಂದ.

“ಸತ್ತವರು ಎದ್ದು ಆಡೋರ ಎಲೆ ನೋಡಿದಾರೆ,” ಎಂದಳು ಸುಲ್ಮಾ.

“ಹೌದೇನ್ರೀ ಎವಾರಿಸ್ತೊ?”

“ಹೌದು,” ಎಂದೆ ನೀನು.

“ಹಾಗಾದ್ರೆ ಕೇಳೋ ಹಕ್ಕು ಹೋಯ್ತು. ಈ ಆಟ ಮುಗಿಯೋವರೆಗೂ ಬಣ್ಣ ಇಲ್ವಾ ಅಂತ ನೀವು ಕೇಳೋ ಹಾಗಿಲ್ಲ. ಹೋಗಿ ಕೂತ್ಕೊಳ್ಳಿ.”

ಮೈಯೆಲ್ಲ ಉರಿಯಿತು. ನನ್ನ ಮೇಲೆ ನಂಬಿಕೆಯಿಲ್ಲದೆ ನೋಡಲು ಬಂದಿದ್ದೀಯ ಎಂದುಕೊಂಡೆ. ಆರು ಕೂಗಿದ್ದಕ್ಕೆ ಹೆದರಿದ್ದಾನೆ, ನಾಲ್ಕರಲ್ಲಿ ನಿಲ್ಲಬೇಕಿತ್ತು ಅಂತ ನಾಳೆ ಊಟದ ಹೊತ್ತಿಗೆ ಶುರು ಮಾಡುತ್ತಾನೆ ಎಂದುಕೊಂಡೆ. ನಿನ್ನ ಮುಖ ಸುಣ್ಣದ ಹಾಗಾಗಿತ್ತು. ಅದನ್ನೂ ನಾಚಿಕೆ ಎಂದೇ ತಿಳಿದೆ. ಆಟ ಮುಂದುವರಿಸಿದೆ.

“ಸಣ್ಣ ಡೈಮನ್,” ಎಂದೆ. ನೀನು ಎಲೆ ಎತ್ತಲಿಲ್ಲ. ಎರಡನೆಯ ಸಲ ಹೇಳಬೇಕಾಯಿತು. ನನ್ನ ಕೈಯಲ್ಲಿ ಡೈಮನ್ ಮುಗಿದಿದೆ ಎಂದು ನನಗೆ ಗೊತ್ತಿತ್ತು, ಇಸ್ಪೀಟಿನಿಂದ ಹೊಡೆದೆ. ಹೊಡೆದು, ಅಭ್ಯಾಸದಂತೆ ನಿನ್ನ ಕಡೆ ನೋಡಿದೆ. ನೀನು ಕೇಳುವ ಹಾಗಿರಲಿಲ್ಲ, ಸರಿ. ಆದರೆ ನೀನು ಮೇಜಿನ ಹಸಿರು ಬಟ್ಟೆಯನ್ನು ನೋಡುತ್ತಾ ಕೂತಿದ್ದೆ. ಆಮೇಲೆ ನಿನ್ನ ಕಳಾವರ್ ರಾಣಿಯ ಮೇಲೆ ನನಗೆ ಬೇಡದ ಒಂದು ಸಣ್ಣ ಆಟೀನನ್ನು ಎಸೆದೆ. ಹದಿಮೂರಕ್ಕೆ ಹದಿಮೂರೂ ನನ್ನವೇ ಎಂದು ಮನಸ್ಸಿನಲ್ಲಿ ಕುಣಿಯುತ್ತಿದ್ದೆ.

ಸುಲ್ಮಾ ಆ ಎಲೆಯ ಮೇಲೆ ಬೆರಳಿಟ್ಟಳು. “ಇದು ಇಷ್ಟು ಹೊತ್ತು ಎಲ್ಲಿತ್ತಮ್ಮಾ?”

ಅದು ಡೈಮನ್ ಏಳು.

ಮಿಕ್ಕಿದ್ದು ನಿನಗೆ ಗೊತ್ತಿದೆ. ಕೈಯಲ್ಲಿ ಬಣ್ಣ ಇಟ್ಟುಕೊಂಡು ತುರುಫು ಹೊಡೆದದ್ದಕ್ಕೆ ಬಾಲ್ದೊಮೇರೊ ಎರಡು ಸುತ್ತು ಕಿತ್ತು ಅವರಿಗೆ ಕೊಟ್ಟ. ಹದಿಮೂರು ಹೋಗಿ ಹನ್ನೊಂದಾಯಿತು, ಒಂದರಿಂದ ಸೋತೆವು. ಹಲ್ಲಿನ ಡಾಕ್ಟರು ಗೆದ್ದ ಕಪ್ಪನ್ನು ಕರವಸ್ತ್ರದಿಂದ ಒರೆಸಿದ, ಅದಕ್ಕೆ ನಮ್ಮ ಮುಖದ ಮಸಿ ಹತ್ತಿದೆಯೇನೋ ಎಂಬಂತೆ. ಹೊಸದಾಗಿ ಕಲಿಯುವ ಹುಡುಗಿಯರು ಮಾಡುವ ತಪ್ಪನ್ನು ಅರವತ್ತೇಳರ ನಾನು, ಇಡೀ ಕ್ಲಬ್ಬು ಸುತ್ತ ನಿಂತು ನೋಡುತ್ತಿದ್ದಾಗ ಮಾಡಿದೆ. ಹಾಳು ಹೊಸ ಎಲೆಗಳು, ಆಟೀನು, ಡೈಮನ್ ಎರಡು ಕೆಂಪೂ ಒಂದೇ ಥರ ಅಚ್ಚು ಹಾಕಿದ್ದಾರೆ, ಮೇಲಿನ ದೀಪ ಬೇರೆ ಮಂಕು ಎಂದು ಬಾಲ್ದೊಮೇರೊನ ಮೇಲೆ ಹಾರಿದೆ. ಅವನು ಒಂದು ಮಾತೂ ಎದುರಾಡಲಿಲ್ಲ. ಅವನು ಎದುರಾಡದೆ ಇದ್ದುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಮನೆಗೆ ಬಂದು ಕೋಟು ಕೂಡ ಬಿಚ್ಚದೆ ಕೇಳಿದೆನಲ್ಲ.

“ಯಾಕೆ ಎದ್ದೆ?”

“ಕಾಲು ಜೋಮು ಹಿಡಿದಿತ್ತು.”

“ನಲವತ್ತು ವರ್ಷ ಹಿಡೀದೇ ಇದ್ದ ಜೋಮು ನಾನು ಆರು ಕೂಗಿದ ದಿನವೇ ಹಿಡೀತಾ? ಆ ಏಳು ನಿನ್ನ ಕಣ್ಣಿಗೆ ಬಿತ್ತೋ ಇಲ್ವೋ?”

“ಬಿತ್ತು.”

“ಆಟೀನಿನ ಜೊತೆ ಸೇರಿಸಿದೀನಿ ಅಂತ ಗೊತ್ತಾಯ್ತಾ?”

“ಗೊತ್ತಾಯ್ತು.”

“ಮತ್ತೆ ನಾನು ತುರುಫು ಹೊಡೆದಾಗ ಬಾಯಿ ಯಾಕೆ ಬಿಡ್ಲಿಲ್ಲ?”

“ನಿಯಮ ಅಲ್ವೇನೇ ಮುದುಕಿ. ಹಕ್ಕು ಹೋಗಿತ್ತು.”

“ಹಾಗಾದ್ರೆ ನಿಯಮದ ಜೊತೇಲೇ ಸಂಸಾರ ಮಾಡ್ಕೋ ಹೋಗು,” ಎಂದೆ. ಅಂದದ್ದು ಅಷ್ಟೇ. ಬೆಳಗ್ಗೆ ಏಳುವಷ್ಟರಲ್ಲಿ ಫ್ಲಾಸ್ಕಿರಲಿಲ್ಲ, ಬುರುಡೆಯಿರಲಿಲ್ಲ, ನೀನಿರಲಿಲ್ಲ. ಜಗಳವಾಡಲೂ ಜೊತೆಗಾರ ಬೇಕು ಎನ್ನುವುದು ನಿನಗೆ ಹೊಳೆಯಲಿಲ್ಲವೇ? ಅರ್ಧ ಆಟದಲ್ಲಿ ಎದ್ದು ಹೋಗುವುದನ್ನು ಅಭ್ಯಾಸ ಮಾಡಿಕೊಂಡಂತೆ ಕಾಣುತ್ತದೆ.

ನನಗೆ ಕಪ್ಪು ಬೇಕಾಗಿರಲಿಲ್ಲ. ಇಡಲು ಜಾಗವಿಲ್ಲ, ಧೂಳು ಒರೆಸುವವಳು ನಾನೇ. ನೀನು ನಿಯಮ ಮುರಿದು “ಡೈಮನ್ ಇಲ್ವಾ, ಮುದುಕಿ?” ಎಂದಿದ್ದರೆ ಬಾಲ್ದೊಮೇರೊ ನಿನಗೆ ಛೀಮಾರಿ ಹಾಕುತ್ತಿದ್ದ, ಸುಲ್ಮಾ ಹಲ್ಲು ಕಿರಿಯುತ್ತಿದ್ದಳು. ಆ ಛೀಮಾರಿಯಲ್ಲಿ ಅರ್ಧವನ್ನು ನಾನೇ ತಿನ್ನುತ್ತಿದ್ದೆ. ಮೇಜಿನ ಈ ಕಡೆ ಬಂದು ನನ್ನ ಕೈ ನೋಡುವಷ್ಟು ನಿಯಮ ಮುರಿದವನಿಗೆ, ಬಾಯಿ ಬಿಡುವಾಗ ಮಾತ್ರ ನಿಯಮ ನೆನಪಾಯಿತು. ಇದನ್ನು ನಾನು ಅಷ್ಟು ಸುಲಭವಾಗಿ ನುಂಗುವುದಿಲ್ಲ.

ಇಷ್ಟು ಬರೆದ ಮೇಲೆ ಕೈ ನೋಯುತ್ತಿದೆ. ಮಾತ್ರೆಯನ್ನು ಊಟವಾದ ಮೇಲೆ ತೆಗೆದುಕೋ, ಖಾಲಿ ಹೊಟ್ಟೆಯಲ್ಲಿ ಬೇಡ. ಅಮಾದೇಯೊನ ಮನೆಯ ಹುರಿದ ಮಾಂಸಕ್ಕೆ ಉಪ್ಪು ಸುರಿದುಕೊಳ್ಳಬೇಡ. ದೇವರು ನಿನ್ನ ಎದೆಯನ್ನು ಗಟ್ಟಿಯಾಗಿಟ್ಟಿರಲಿ, ನಾನು ಅದರ ಮೇಲೆ ಗುದ್ದಬೇಕಾಗಿದೆ.

ಇನ್ನೂ ನಿನ್ನ ಹೆಂಡತಿಯೇ ಆಗಿರುವ,
ಎರ್ಮಿನಿಯ

ಮರೆತು ಬಿಟ್ಟದ್ದಲ್ಲ, ಬೇಕೆಂದೇ ಕೊನೆಗೆ ಇಟ್ಟದ್ದು: ಭಾನುವಾರ ಲಿಸಾಂದ್ರೊ ಬಂದಿದ್ದ. ಮಗನಿಗೆ ತೋರ್ತಾ ಫ್ರೀತಾ ಕರಿದುಕೊಟ್ಟು, ನಾನು ಒಬ್ಬಳೇ ಆಡುವ ಆಟ ಹರಡಿಕೊಂಡು ಕೂತಿದ್ದೆ. ಒಂದು ಎಲೆ ಎತ್ತಿ ಆಟೀನಿನ ಸಾಲಿಗೆ ಇಡುತ್ತಿದ್ದೆ.

“ಅಮ್ಮಾ, ಅದು ಡೈಮನ್ನು,” ಎಂದ. ಎಂಥ ಮೆತ್ತನೆಯ ದನಿ ಎಂದರೆ, ನಿನ್ನ ದನಿಯೇ.

“ಇಷ್ಟು ಮೆತ್ತಗೆ ಯಾಕೆ ಹೇಳ್ತಿದೀಯ?” ಎಂದೆ. ತಿನ್ನುತ್ತಿದ್ದುದನ್ನು ತಟ್ಟೆಗೆ ಇಟ್ಟ. ನಿನ್ನ ಮಗನಿಗೂ ಸುಳ್ಳು ಹೇಳಲು ಬರುವುದಿಲ್ಲ, ಎಲ್ಲವನ್ನೂ ಹೇಳಿಬಿಟ್ಟ.

ಏಪ್ರಿಲ್‌ನಲ್ಲಿ ಆಸ್ಪತ್ರೆಯಲ್ಲಿ ನನ್ನ ಕಣ್ಣಿಗೆ ಮದ್ದು ಬಿಟ್ಟು, ಕಣ್ಣು ಮುಚ್ಚಿ ಒಳಗೆ ಕೂರಿಸಿದ್ದರಲ್ಲ, ಆಗ ನೀನು, ಲಿಸಾಂದ್ರೊ, ಕಣ್ಣಿನ ಡಾಕ್ಟರು ಮೂವರೂ ಹೊರಗೆ ಕಾರಿಡಾರಿನಲ್ಲಿ ನಿಂತಿದ್ದಿರಿ. ಬಲಗಣ್ಣು ಹೋದ ಹಾಗೇ, ಎಡಗಣ್ಣಿಗೂ ಹೆಚ್ಚು ಕಾಲ ಇಲ್ಲ ಎಂದು ಡಾಕ್ಟರು ಹೇಳಿದರಂತೆ. ಅವಳಿಗೆ ಈಗಲೇ ಹೇಳೋದು ಬೇಡ ಎಂದು ನೀನು ಅಂದೆಯಂತೆ. ಒಳಗೆ ಬಂದು, “ಏನಿಲ್ವಂತೆ ಮುದುಕಿ, ದಿನಾ ಎರಡು ಹನಿ ಬಿಟ್ಕೊಂಡ್ರೆ ಸಾಕಂತೆ,” ಎಂದೆ. ನನ್ನ ಕಿವಿಯ ಮೇಲೆ ಹೂ ಇಟ್ಟೆ. ಬಾಲ್ದೊಮೇರೊಗೂ ನೀನು ಹೇಳಿದ್ದೆ, ಬೆಳಕು ಚೆನ್ನಾಗಿರುವ ಮೇಜು ಕೊಡು ಅಂತ. ಸುಲ್ಮಾ ತಾನೇ ಊಹಿಸಿದ್ದಳು. ನನ್ನ ಎಲೆಗಳನ್ನು ಬಿಚ್ಚಿಟ್ಟುಕೊಂಡು ಎಲ್ಲರೂ ನೋಡಿದಿರಿ, ಯಾವುದನ್ನು ಯಾವಾಗ ಹಾಕಬೇಕೆಂದು ನೀವೇ ತೀರ್ಮಾನಿಸಿದಿರಿ. ನಾನು ಮೇಜಿನಲ್ಲಿ ಕೂತಿದ್ದೇನೆ, ಸತ್ತಿಲ್ಲ ಎನ್ನುವುದು ಯಾರಿಗೂ ನೆನಪಾಗಲಿಲ್ಲ.

ಅದಕ್ಕಿಂತ ಉರಿಯುವುದು ಇನ್ನೊಂದು. ಆ ಮೂರು ತಿಂಗಳು ನೀನು ಬಗ್ಗಿ ಕೇಳಿದಾಗಲೆಲ್ಲ ನಾನು ಅದನ್ನು ಪ್ರೀತಿ ಎಂದುಕೊಂಡೆ. ಕ್ಲಬ್ಬಿಗೆ ಹೊರಡುವಾಗ ತುಟಿಗೆ ಬಣ್ಣ ಹಚ್ಚಿಕೊಳ್ಳಲು ಮತ್ತೆ ಶುರು ಮಾಡಿದ್ದೆ. ಹೆಂಗಸರ ಮುಂದೆ ಕೊಚ್ಚಿಕೊಂಡೆ. ನೀನು ರೋಗಿಯನ್ನು ನೋಡಿಕೊಳ್ಳುತ್ತಿದ್ದೆ.

ಬರುವ ಶನಿವಾರದ ಆಟಕ್ಕೆ ಹೆಸರು ಕೊಟ್ಟಿದ್ದೇನೆ, ಜೊತೆಗಾರನ ಹೆಸರನ್ನು ಖಾಲಿ ಬಿಟ್ಟಿದ್ದೇನೆ. ಬರುವುದಾದರೆ ಮೊದಲು ಅಡುಗೆಮನೆಯಲ್ಲಿ ನನ್ನ ಎದುರು ಕೂತು ಆ ಡಾಕ್ಟರು ಹೇಳಿದ್ದನ್ನೆಲ್ಲ ನಿನ್ನ ಬಾಯಿಂದಲೇ ಹೇಳಬೇಕು, ಮೆತ್ತನೆಯ ದನಿ ಬೇಡ. ಬರುವ ಧೈರ್ಯವಿಲ್ಲದಿದ್ದರೆ ಉತ್ತರ ಬರೆ. ಕಪ್ಪು ಶಾಯಿಯಲ್ಲಿ, ದೊಡ್ಡ ಅಕ್ಷರದಲ್ಲಿ ಬರೆ. ನಿನ್ನ ಪತ್ರಗಳನ್ನು ಇನ್ನೊಬ್ಬರು ಓದಿ ಹೇಳುವ ಕಾಲ ಬರುತ್ತದಲ್ಲ, ಅದಕ್ಕೆ ಮೊದಲು ಒಂದನ್ನಾದರೂ ನಾನೇ ಓದಬೇಕು.